ಸೊಟ್ಟ ಹಲ್ಲು, ತಪ್ಪಿದ ಕಚ್ಚು: ಗುರುತಿಸುವುದು, ಸರಿಪಡಿಸುವುದು, ಸರಿಯಾದದ್ದನ್ನು ಉಳಿಸಿಕೊಳ್ಳುವುದು

ಹಲ್ಲು ನೇರ ಮಾಡಿಸಬೇಕು ಎಂದುಕೊಂಡವರ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ, ಕ್ಲಿಪ್ (ಬ್ರೇಸಸ್) ಹಾಕಿಸುವುದೋ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಅಲೈನರ್ ತೊಡುವುದೋ ಎಂಬುದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕಿಂತ ಮೊದಲು ಮೂರು ವಿಷಯ ಇತ್ಯರ್ಥವಾಗಬೇಕು. ವಾರೆಯಾಗಿರುವುದು ಬರೀ ಹಲ್ಲೋ, ಹಲ್ಲನ್ನು ಹೊತ್ತಿರುವ ದವಡೆಯ ಮೂಳೆಯೋ? ದವಡೆ ಇನ್ನೂ ಬೆಳೆಯುತ್ತಿದೆಯೋ, ಬೆಳೆದು ನಿಂತಿದೆಯೋ? ಹಲ್ಲುಗಳನ್ನು ಸಾಲಿಗೆ ತರಲು ಬೇಕಾದ ಜಾಗ ಎಲ್ಲಿಂದ ಸಿಗುತ್ತದೆ? ಇವಕ್ಕೆ ಉತ್ತರ ಸಿಕ್ಕರೆ ಯಾವ ಸಾಧನ ಎಂಬುದು ಬಹುತೇಕ ತಾನಾಗಿಯೇ ತೀರ್ಮಾನವಾಗುತ್ತದೆ. ಸಿಗದಿದ್ದರೆ ಎಷ್ಟು ದುಬಾರಿ ಸಾಧನ ಹಾಕಿಸಿದರೂ ಹಲ್ಲು ಸಾಲಾಗಿ ನಿಂತೀತು, ಕಚ್ಚು (ಮೇಲಿನ ಮತ್ತು ಕೆಳಗಿನ ಹಲ್ಲು ಒಂದಕ್ಕೊಂದು ಕೂಡುವ ರೀತಿ) ಸರಿಹೋಗುವುದಿಲ್ಲ.

ಕನ್ನಡಿಯ ಮುಂದೆ ಐದು ನಿಮಿಷ

ಒಳ್ಳೆಯ ಬೆಳಕಿನಲ್ಲಿ ನಿಂತು, ಒಮ್ಮೆ ಎಂಜಲು ನುಂಗಿ, ಹಿಂದಿನ ಹಲ್ಲುಗಳನ್ನು ಕಚ್ಚಿ ಹಿಡಿಯಿರಿ. ನುಂಗುವುದು ಯಾಕೆಂದರೆ, ಕನ್ನಡಿ ಕಂಡ ಕೂಡಲೇ ನಾವು ನಮಗೆ ಗೊತ್ತಿಲ್ಲದೆ ಕೆಳದವಡೆಯನ್ನು ಮುಂದೆ ತಂದು ಮುಂದಿನ ಹಲ್ಲುಗಳನ್ನು ಕೂಡಿಸಿಬಿಡುತ್ತೇವೆ. ಅದು ನಿಜವಾದ ಕಚ್ಚಲ್ಲ. ನುಂಗಿದಾಗ ದವಡೆ ತನ್ನ ಜಾಗಕ್ಕೆ ಹೋಗುತ್ತದೆ. ಈಗ ಎರಡು ಬೆರಳಿನಿಂದ ತುಟಿಯ ಮೂಲೆಗಳನ್ನು ಹಿಂದಕ್ಕೆಳೆದು ನೋಡಿ.

ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ 2ರಿಂದ 3 ಮಿ.ಮೀ. ಮುಂದಿರಬೇಕು, ಅದರ ಎತ್ತರದ ಸುಮಾರು ಮೂರರಲ್ಲೊಂದು ಪಾಲನ್ನು ಮುಚ್ಚಿರಬೇಕು. ಹಿಂದುಗಡೆ ಎರಡೂ ಪಕ್ಕ ಮೇಲಿನ ದವಡೆಹಲ್ಲುಗಳ ಹೊರ ಅಂಚು ಕೆಳಗಿನವುಗಳ ಹೊರಗೆ ಬರಬೇಕು, ಡಬ್ಬಿಯ ಮೇಲೆ ಮುಚ್ಚಳ ಕೂತ ಹಾಗೆ. ಮೇಲಿನ ಕೋರೆಹಲ್ಲಿನ ತುದಿ, ಕೆಳಗಿನ ಕೋರೆಹಲ್ಲು ಮತ್ತು ಅದರ ಹಿಂದಿನ ಮುಂದವಡೆ ಹಲ್ಲು ಇವೆರಡರ ನಡುವಿನ ಸಂದಿಗೆ ಬರಬೇಕು. ಮೇಲಿನ ಎರಡು ಬಾಚಿಹಲ್ಲುಗಳ ನಡುಗೆರೆ ಕೆಳಗಿನವುಗಳ ನಡುಗೆರೆಗೆ ಹೊಂದಬೇಕು. ಒಂದೆರಡು ಮಿ.ಮೀ. ಆಚೀಚೆ ಇದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ.

ವೈದ್ಯರು ಬರೆಯುವ ಕ್ಲಾಸ್ 1, 2, 3 ಎಂಬ ಗುರುತು ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ಕೊಟ್ಟ ವಿಂಗಡಣೆ. ಮೇಲಿನ ಮತ್ತು ಕೆಳಗಿನ ಮೊದಲ ದವಡೆಹಲ್ಲುಗಳು ಹೇಗೆ ಕೂಡುತ್ತವೆ ಎಂಬುದೇ ಅದರ ಆಧಾರ. ಕ್ಲಾಸ್ 1ರಲ್ಲಿ ಹಿಂದಿನ ಹಲ್ಲುಗಳ ಕೂಡಿಕೆ ಸರಿಯಿದೆ, ಮುಂದೆ ಇಕ್ಕಟ್ಟೋ ಸಂದಿಯೋ ಇದೆ. ಕ್ಲಾಸ್ 2ರಲ್ಲಿ ಕೆಳಸಾಲು ಹಿಂದೆ ಬಿದ್ದಿದೆ, ಕ್ಲಾಸ್ 3ರಲ್ಲಿ ಮುಂದೆ ಬಂದಿದೆ. ಈ ಗುರುತು ಹೇಳುವುದು ಹಿಂದುಮುಂದಿನ ವ್ಯತ್ಯಾಸವನ್ನು ಮಾತ್ರ. ಆ ವ್ಯತ್ಯಾಸ ಹಲ್ಲಿನದೋ ಮೂಳೆಯದೋ ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಪಕ್ಕದಿಂದ ತೆಗೆದ ತಲೆಯ ಎಕ್ಸ್‌-ರೇ ಬೇಕು.

ಹೆಚ್ಚಾಗಿ ಕಾಣುವ ತೊಂದರೆಗಳು

ಇಕ್ಕಟ್ಟು ಎಲ್ಲಕ್ಕಿಂತ ಸಾಮಾನ್ಯ. ಹಲ್ಲುಗಳ ಒಟ್ಟು ಅಗಲಕ್ಕೆ ದವಡೆಯ ಕಮಾನಿನಲ್ಲಿ ಜಾಗ ಸಾಲದೆ ಅವು ಒಂದರ ಮೇಲೊಂದು ಏರುತ್ತವೆ, ತಿರುಚಿಕೊಳ್ಳುತ್ತವೆ. ಕೊರತೆಯನ್ನು ಮಿ.ಮೀ. ಲೆಕ್ಕದಲ್ಲಿ ಅಳೆಯುತ್ತಾರೆ: ಒಂದು ಸಾಲಿನಲ್ಲಿ 4 ಮಿ.ಮೀ. ಒಳಗಿದ್ದರೆ ಸೌಮ್ಯ, 4ರಿಂದ 8ರವರೆಗೆ ಮಧ್ಯಮ, 8 ದಾಟಿದರೆ ತೀವ್ರ. ಹುಟ್ಟಿನಿಂದ ಬಂದ ಅಳತೆಯ ಹೊಂದಾಣಿಕೆ ಇಲ್ಲದಿರುವುದು ಮುಖ್ಯ ಕಾರಣ. ತಡೆಯಬಹುದಾದ ಕಾರಣವೂ ಒಂದಿದೆ. ಹಿಂದಿನ ಹಾಲುಹಲ್ಲು ಹುಳುಕಾಗಿ ಬೇಗ ಕಿತ್ತರೆ, ಆರರ ವಯಸ್ಸಿಗೆ ಬಂದ ಶಾಶ್ವತ ದವಡೆಹಲ್ಲು ಆ ಖಾಲಿ ಜಾಗಕ್ಕೆ ಜರುಗುತ್ತದೆ, ಮುಂದೆ ಬರಬೇಕಾದ ಹಲ್ಲಿಗೆ ದಾರಿ ಮುಚ್ಚುತ್ತದೆ. ‘ಹೇಗೂ ಬೀಳುವ ಹಲ್ಲು ತಾನೇ’ ಎಂದು ಹಾಲುಹಲ್ಲಿನ ಹುಳುಕನ್ನು ಕಡೆಗಣಿಸಬಾರದು ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಕೀಳಲೇಬೇಕಾಗಿ ಬಂದರೆ ಜಾಗ ಕಾಯುವ ಪುಟ್ಟ ತಂತಿಯ ಸಾಧನ, ಸ್ಪೇಸ್ ಮೇಂಟೇನರ್, ಹಾಕಿಸಬೇಕೇ ಎಂದು ಅದೇ ದಿನ ಕೇಳಿ. ಬುದ್ಧಿಹಲ್ಲು ತಳ್ಳುವುದರಿಂದ ಮುಂದಿನ ಹಲ್ಲು ಸೊಟ್ಟಗಾಗುತ್ತದೆ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಇಕ್ಕಟ್ಟು ತಡೆಯಲೆಂದೇ ಅದನ್ನು ಕೀಳಿಸುವುದು ಬೇಡ.

ಹಲ್ಲುಸಂದಿಯ ಬಗ್ಗೆ ಪೋಷಕರಿಗೆ ಒಂದು ಸಮಾಧಾನದ ಮಾತು. ಸುಮಾರು 7ರಿಂದ 11 ವರ್ಷದ ನಡುವೆ ಮೇಲಿನ ಎರಡು ಬಾಚಿಹಲ್ಲುಗಳ ಮಧ್ಯೆ ಸಂದಿ ಕಾಣುವುದು ಸಹಜ. ಮೇಲೆ ಒಳಗಿರುವ ಕೋರೆಹಲ್ಲುಗಳು ಪಕ್ಕದ ಬೇರುಗಳನ್ನು ಒತ್ತುತ್ತಿರುತ್ತವೆ. ಅವು ಇಳಿದು ಬಂದಾಗ ಸಣ್ಣ ಸಂದಿ ಬಹಳ ಮಟ್ಟಿಗೆ ತಾನೇ ಮುಚ್ಚುತ್ತದೆ. ದೊಡ್ಡವರಲ್ಲಿ ಹೊಸದಾಗಿ ಸಂದಿ ಬಿಟ್ಟರೆ ಮಾತು ಬೇರೆ. ವಸಡಿನ ರೋಗದಿಂದ ಮೂಳೆ ಕರಗಿ ಹಲ್ಲು ಜರುಗುತ್ತಿರಬಹುದು, ಮೊದಲು ಅದನ್ನು ನೋಡಿಸಬೇಕು.

ಉಬ್ಬುಹಲ್ಲು ನೋಟದ ಪ್ರಶ್ನೆ ಮಾತ್ರವಲ್ಲ. ಮುಂದೆ ಚಾಚಿದ ಹಲ್ಲಿಗೆ ತುಟಿಯ ರಕ್ಷಣೆ ಇರುವುದಿಲ್ಲ. ಮಕ್ಕಳು ಬಿದ್ದಾಗ ಮೊದಲು ಮುರಿಯುವುದು ಅದೇ. ಡೀಪ್ ಬೈಟ್‌ನಲ್ಲಿ ಮೇಲಿನ ಹಲ್ಲು ಕೆಳಗಿನದನ್ನು ಪೂರಾ ಮುಚ್ಚಿರುತ್ತದೆ. ಕೆಳಗಿನ ಹಲ್ಲಿನ ತುದಿ ಅಂಗುಳಕ್ಕೆ ಚುಚ್ಚಿ ಗಾಯವಾಗಿದೆಯೇ ಎಂದು ನೋಡಿ, ಆಗಿದ್ದರೆ ಚಿಕಿತ್ಸೆ ಮುಂದೂಡಬೇಡಿ. ಓಪನ್ ಬೈಟ್ ಇದಕ್ಕೆ ಪೂರ್ತಿ ವಿರುದ್ಧ: ಹಿಂದೆ ಕಚ್ಚಿದರೂ ಮುಂದೆ ಬಾಯಿ ತೆರೆದೇ ಇರುತ್ತದೆ. ಬೆರಳು ಚೀಪುವುದು, ನುಂಗುವಾಗ ನಾಲಿಗೆ ಹಲ್ಲುಗಳ ನಡುವೆ ನುಗ್ಗುವುದು, ದವಡೆ ಉದ್ದುದ್ದಕ್ಕೆ ಬೆಳೆಯುವುದು ಇದಕ್ಕೆ ಕಾರಣ. ಅಭ್ಯಾಸ ಬಿಡಿಸದೆ ಹಲ್ಲು ಮಾತ್ರ ಸರಿಪಡಿಸಿದರೆ ಅದು ಮತ್ತೆ ತೆರೆದುಕೊಳ್ಳುತ್ತದೆ. ಶಾಶ್ವತ ಬಾಚಿಹಲ್ಲು ಬರುವ ಮುಂಚೆ ಬೆರಳು ಚೀಪುವುದು ನಿಂತರೆ ಹೆಚ್ಚಿನ ಮಕ್ಕಳಲ್ಲಿ ತೆರಪು ತಾನೇ ಕಡಿಮೆಯಾಗುತ್ತದೆ.

ಕ್ರಾಸ್ ಬೈಟ್ ಎಂದರೆ ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುವುದು. ಒಂದೇ ಪಕ್ಕದಲ್ಲಿ ಹೀಗಿದ್ದರೆ, ಮಗು ಬಾಯಿ ಮುಚ್ಚುವಾಗ ಗಲ್ಲ ಒಂದು ಕಡೆಗೆ ಜಾರುತ್ತದೆಯೇ ಗಮನಿಸಿ. ಜಾರುತ್ತಿದ್ದರೆ ಕಾಯಬಾರದು. ಬೆಳೆಯುವ ಮುಖ ಆ ವಾಲನ್ನೇ ಹಿಡಿದು ಬೆಳೆಯಬಹುದು.

ಎಲ್ಲರ ಕಣ್ಣಿಗೂ ತಪ್ಪುವ ತೊಂದರೆ ಇನ್ನೊಂದು, ಏಕೆಂದರೆ ಅದು ಹೊರಗೆ ಕಾಣುವುದೇ ಇಲ್ಲ: ಮೂಳೆಯೊಳಗೆ ಸಿಕ್ಕಿಕೊಂಡ ಮೇಲಿನ ಕೋರೆಹಲ್ಲು. 10ರಿಂದ 11ರ ವಯಸ್ಸಿನಲ್ಲಿ ತುಟಿ ಎತ್ತಿ, ಹಾಲಿನ ಕೋರೆಹಲ್ಲಿನ ಮೇಲ್ಭಾಗದ ವಸಡನ್ನು ಬೆರಳಿನಿಂದ ಒತ್ತಿದರೆ ಎರಡೂ ಕಡೆ ಉಬ್ಬು ಸಿಗಬೇಕು. ಸಿಗದಿದ್ದರೆ ಎಕ್ಸ್‌-ರೇ ತೆಗೆಸಬೇಕು. ಆ ಹಂತದಲ್ಲಿ ಹಾಲಿನ ಕೋರೆಹಲ್ಲನ್ನು ಕಿತ್ತರೆ ಸಾಕು, ಎಷ್ಟೋ ಸಲ ಒಳಗಿನದು ದಾರಿ ತಿದ್ದಿಕೊಂಡು ಇಳಿಯುತ್ತದೆ. ತಡವಾದರೆ ವಸಡು ಬಿಡಿಸಿ, ಹಲ್ಲಿಗೆ ಸಣ್ಣ ಸರಪಳಿ ಅಂಟಿಸಿ, ತಿಂಗಳುಗಟ್ಟಲೆ ಎಳೆದು ತರಬೇಕಾಗುತ್ತದೆ. ಅಷ್ಟರಲ್ಲಿ ಅದು ಪಕ್ಕದ ಬಾಚಿಹಲ್ಲಿನ ಬೇರನ್ನು ತಿಂದಿರಲೂಬಹುದು.

ಯಾವ ವಯಸ್ಸಿಗೆ ಏನು

ಮೊದಲ ತಪಾಸಣೆ 7ರ ವಯಸ್ಸಿಗೆ ಆಗಬೇಕು ಎಂಬುದು ಅಮೆರಿಕನ್ ಅಸೋಸಿಯೇಷನ್ ಆಫ್ ಆರ್ಥೊಡಾಂಟಿಸ್ಟ್ಸ್ ಸಲಹೆ. ತಪಾಸಣೆ ಎಂದರೆ ಚಿಕಿತ್ಸೆ ಎಂದಲ್ಲ. ಆ ವಯಸ್ಸಿನ ಹೆಚ್ಚಿನ ಮಕ್ಕಳಿಗೆ ‘ಕಾಯೋಣ’ ಎಂಬುದೇ ಸರಿಯಾದ ಉತ್ತರ. ಕಾಯಬಾರದವು ಕೆಲವು: ಗಲ್ಲ ಜಾರಿಸುವ ಕ್ರಾಸ್ ಬೈಟ್, ಮೇಲ್ದವಡೆ ಹಿಂದುಳಿದ ಕ್ಲಾಸ್ 3, ಬಿದ್ದರೆ ಮುರಿಯುವಷ್ಟು ಚಾಚಿದ ಹಲ್ಲು. ಅಂಗುಳದ ನಡುವಿನ ಮೂಳೆಕೂಡು ಚಿಕ್ಕ ವಯಸ್ಸಿನಲ್ಲಿ ಸಡಿಲವಾಗಿರುವುದರಿಂದ, ತಿರುಪು ಇರುವ ಎಕ್ಸ್‌ಪ್ಯಾಂಡರ್‌ನಿಂದ ಮೇಲ್ದವಡೆಯನ್ನು ಅಗಲಿಸಬಹುದು. ಸಾಮಾನ್ಯವಾಗಿ ಒಂದು ತಿರುವಿಗೆ 0.25 ಮಿ.ಮೀ. ತೆರೆಯುತ್ತದೆ. ಬಾಚಿಹಲ್ಲುಗಳ ನಡುವೆ ಸಂದಿ ಬಿಟ್ಟರೆ ಗಾಬರಿ ಬೇಡ, ಮೂಳೆ ತೆರೆದಿದೆ ಎಂಬುದಕ್ಕೆ ಅದೇ ಸಾಕ್ಷಿ. ಮೇಲ್ದವಡೆಯನ್ನು ಮುಂದಕ್ಕೆಳೆಯುವ ಫೇಸ್‌ಮಾಸ್ಕ್ 10 ವರ್ಷದೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಕೆಳದವಡೆ ಹಿಂದುಳಿದ ಕ್ಲಾಸ್ 2ಕ್ಕೆ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಟ್ವಿನ್ ಬ್ಲಾಕ್‌ನಂಥ ಸಾಧನ ಕೊಡುತ್ತಾರೆ. ಮಗು ದಿಢೀರನೆ ಎತ್ತರವಾಗುವ ಹದಿಹರೆಯದ ವರ್ಷಗಳೇ ಅದಕ್ಕೆ ತಕ್ಕ ಕಾಲ. ಆ ಕಾಲ ಕಳೆದು ದವಡೆ ಬೆಳೆದು ನಿಂತಮೇಲೆ ಮೂಳೆಯ ದೊಡ್ಡ ವ್ಯತ್ಯಾಸಕ್ಕೆ ಉಳಿಯುವುದು ಎರಡು ದಾರಿ: ಹಲ್ಲುಗಳನ್ನು ಓರೆ ಮಾಡಿ ವ್ಯತ್ಯಾಸ ಮರೆಮಾಚುವುದು, ಇಲ್ಲವೇ ಬ್ರೇಸಸ್ ಜೊತೆ ದವಡೆಯ ಶಸ್ತ್ರಚಿಕಿತ್ಸೆ. ಮೊದಲನೆಯದಕ್ಕೆ ಮಿತಿ ಇದೆ. ಅತಿಯಾಗಿ ಓರೆ ಮಾಡಿದರೆ ಬೇರು ಮೂಳೆಯಿಂದ ಹೊರಬಂದು ವಸಡು ಇಳಿಯುತ್ತದೆ.

ಹಲ್ಲು ಸರಿಸಲು ವಯಸ್ಸಿನ ಗಡಿ ಇಲ್ಲ. ಆದರೆ ದೊಡ್ಡವರು ಮೊದಲು ವಸಡು ಗುಣಪಡಿಸಿಕೊಳ್ಳಲೇಬೇಕು. ಉರಿಯೂತ ಇರುವ ವಸಡಿನಲ್ಲಿ ಹಲ್ಲು ಸರಿಸಿದರೆ ಮೂಳೆ ವೇಗವಾಗಿ ಕರಗುತ್ತದೆ. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ, ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಮಾತ್ರೆ ಅಥವಾ ಚುಚ್ಚುಮದ್ದು ತೆಗೆದುಕೊಂಡಿದ್ದರೆ, ಬೀಡಿ ಸಿಗರೇಟು ಸೇದುತ್ತಿದ್ದರೆ ಮುಚ್ಚಿಡದೆ ಹೇಳಿ.

ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು

ಸರಿಯಾದ ಯೋಜನೆಗೆ ಬೇಕಾಗುವುದು: ಎಲ್ಲ ಹಲ್ಲೂ ಕಾಣುವ ಓಪಿಜಿ ಎಕ್ಸ್‌-ರೇ, ಪಕ್ಕದಿಂದ ತೆಗೆದ ತಲೆಯ ಎಕ್ಸ್‌-ರೇ (ಸೆಫಲೋಗ್ರಾಂ), ಮುಖದ ಮತ್ತು ಬಾಯೊಳಗಿನ ಫೋಟೊಗಳು, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್. ಇವೇನೂ ಇಲ್ಲದೆ ಬಾಯಿ ನೋಡಿದ ದಿನವೇ ತಂತಿ ಹಿಡಿಯುವ ಪುಟ್ಟ ಬಿಲ್ಲೆಯಾದ ಬ್ರ್ಯಾಕೆಟ್ ಅಂಟಿಸಲು ಹೊರಟರೆ ಎದ್ದು ಬನ್ನಿ. ಅಂಚೆಯಲ್ಲಿ ಅಚ್ಚು ತರಿಸಿಕೊಂಡು ಅಲೈನರ್ ಕಳಿಸುವ ವ್ಯವಸ್ಥೆಗೂ ಇದೇ ಮಾತು: ಬೇರು, ಮೂಳೆ, ವಸಡು ಯಾವುದನ್ನೂ ನೋಡದೆ ಹಲ್ಲು ಸರಿಸಬಾರದು. ಕೇಳಿ: ಜಾಗದ ಕೊರತೆ ಎಷ್ಟು ಮಿ.ಮೀ., ಅದನ್ನು ಹೇಗೆ ತುಂಬುತ್ತೀರಿ? ಹಿಂದಿನ ಕಚ್ಚು ಬದಲಾಗುತ್ತದೆಯೇ? ಚಿಕಿತ್ಸೆ ಮುಗಿದಮೇಲೆ ಹಲ್ಲನ್ನು ಜಾಗದಲ್ಲೇ ಹಿಡಿದಿಡುವ ರಿಟೈನರ್ ಯಾವುದು, ಅದು ಹೇಳಿದ ಖರ್ಚಿನಲ್ಲಿ ಸೇರಿದೆಯೇ?

ಜಾಗ ಮಾಡುವ ದಾರಿಗಳು ಕೆಲವೇ. ಕಮಾನನ್ನು ಅಗಲಿಸುವುದು, ಬಾಚಿಹಲ್ಲುಗಳನ್ನು ತುಸು ಮುಂದಕ್ಕೆ ತರುವುದು, ದವಡೆಹಲ್ಲುಗಳನ್ನು ಹಿಂದಕ್ಕೆ ತಳ್ಳುವುದು, ಹಲ್ಲುಗಳ ನಡುವಿನ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಸ್ವಲ್ಪ ಸವೆಸುವುದು, ಹಲ್ಲು ಕೀಳುವುದು. ಸವೆಸುವುದು ಒಂದು ಸಂದಿಗೆ ಹೆಚ್ಚೆಂದರೆ ಅರ್ಧ ಮಿ.ಮೀ. ಅಷ್ಟರಲ್ಲಿ ಸೌಮ್ಯ ಇಕ್ಕಟ್ಟು ನೀಗುತ್ತದೆ. ಕೀಳುವುದಾದರೆ ಹೆಚ್ಚಾಗಿ ಮುಂದವಡೆ ಹಲ್ಲು. ಒಂದೊಂದು ಸುಮಾರು 7 ಮಿ.ಮೀ. ಜಾಗ ಕೊಡುತ್ತದೆ. ಕೀಳುವ ಮಾತೆತ್ತಿದರೆ ಹಲವರು ಬೆಚ್ಚುತ್ತಾರೆ. ತೀವ್ರ ಇಕ್ಕಟ್ಟಿನಲ್ಲೂ ಕೀಳದೆ ಎಲ್ಲವನ್ನೂ ಹೊರಕ್ಕೆ ಹರಡಿ ಕೂರಿಸಿದರೆ ತುಟಿ ಉಬ್ಬುತ್ತದೆ, ವಸಡು ತೆಳುವಾಗುತ್ತದೆ, ಹಲ್ಲು ಹಿಂದಿನ ಜಾಗಕ್ಕೆ ಮರಳಲು ಹವಣಿಸುತ್ತದೆ. ತುಟಿ ಮೊದಲೇ ಚಪ್ಪಟೆ ಇರುವವರಲ್ಲಿ ಕಿತ್ತರೂ ಕೆಡುಕೇ. ಆದ್ದರಿಂದ ‘ನಾವು ಎಂದೂ ಕೀಳುವುದಿಲ್ಲ’ ಎಂಬ ಭರವಸೆಗೆ ಮರುಳಾಗಬೇಡಿ.

ಹಲ್ಲು ಜರುಗುವುದು ಹೇಗೆ

ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ನಾರಿನ ತೆಳು ಪದರವಿದೆ. ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತುತ್ತಿದ್ದರೆ, ಒತ್ತಿದ ಬದಿಯಲ್ಲಿ ಜೀವಕೋಶಗಳು ಮೂಳೆಯನ್ನು ಕರಗಿಸುತ್ತವೆ, ಎಳೆದ ಬದಿಯಲ್ಲಿ ಹೊಸ ಮೂಳೆ ಕಟ್ಟುತ್ತವೆ. ತಿಂಗಳಿಗೆ ಸುಮಾರು 1 ಮಿ.ಮೀ. ಇದರ ನಡಿಗೆ. ಜೋರಾಗಿ ಎಳೆದರೆ ಬೇಗ ಆದೀತು ಎಂಬುದು ತಪ್ಪು. ಅತಿ ಒತ್ತಡಕ್ಕೆ ನಾರಿನ ಪದರದ ರಕ್ತಸಂಚಾರ ನಿಂತು ಆ ಭಾಗ ಸಾಯುತ್ತದೆ, ಹಲ್ಲು ವಾರಗಟ್ಟಲೆ ಅಲ್ಲಾಡದೆ ನಿಲ್ಲುತ್ತದೆ, ಬೇರಿನ ತುದಿ ಸವೆಯುವ ಅಪಾಯವೂ ಹೆಚ್ಚುತ್ತದೆ. ಬೇರು ಅಲ್ಪಸ್ವಲ್ಪ ಮೊಟಕಾಗುವುದು ಸಾಮಾನ್ಯ, ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ಆದರೂ ಶುರುವಾಗಿ 6ರಿಂದ 12 ತಿಂಗಳಲ್ಲಿ ಒಮ್ಮೆ ಎಕ್ಸ್‌-ರೇ ತೆಗೆದು ನೋಡುವುದು ಒಳ್ಳೆಯದು.

ಬ್ರೇಸಸ್

ಅಂಟಿಸುವ ದಿನ ನೋವಿರುವುದಿಲ್ಲ. ಪ್ಯೂಮಿಸ್ ಪುಡಿಯಿಂದ ಹಲ್ಲು ಉಜ್ಜಿ, 37% ಫಾಸ್ಫಾರಿಕ್ ಆಮ್ಲದ ಜೆಲ್ಲನ್ನು 15ರಿಂದ 30 ಸೆಕೆಂಡು ಹಚ್ಚಿ, ತೊಳೆದು ಒಣಗಿಸುತ್ತಾರೆ. ಆಗ ಎನಾಮಲ್ ಸೀಮೆಸುಣ್ಣದ ಬಿಳುಪಿಗೆ ತಿರುಗಬೇಕು. ಈ ಹೊತ್ತಿನಲ್ಲಿ ಎಂಜಲು ತಾಗಿದರೆ ಮತ್ತೆ ಮೊದಲಿನಿಂದ ಮಾಡಬೇಕು. ಬ್ರ್ಯಾಕೆಟ್ ಪದೇಪದೇ ಕಳಚಿಕೊಳ್ಳುವುದಕ್ಕೆ ದೊಡ್ಡ ಕಾರಣ ಇದೇ, ಹಾಗಾಗಿ ನಾಲಿಗೆ ಆಡಿಸದೆ ಸುಮ್ಮನಿರಿ. ಆಮೇಲೆ ಪ್ರೈಮರ್ ಸವರಿ, ಅಂಟಿನ ಸಮೇತ ಬ್ರ್ಯಾಕೆಟ್ ಕೂರಿಸಿ, ಹೊರಚೆಲ್ಲಿದ ಅಂಟು ತೆಗೆದು, ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಬ್ರ್ಯಾಕೆಟ್ 1 ಮಿ.ಮೀ. ಮೇಲೆ ಕೂತರೆ ಹಲ್ಲೂ ಅಷ್ಟೇ ಮಟ್ಟ ತಪ್ಪಿ ನಿಲ್ಲುತ್ತದೆ. ನಡುವೆ ಒಂದೆರಡು ಬ್ರ್ಯಾಕೆಟ್ ಕಿತ್ತು ಮತ್ತೆ ಅಂಟಿಸುವುದು ಇದಕ್ಕೇ.

ಮೊದಲು ಹಾಕುವುದು 0.014 ಇಂಚಿನ ಆಸುಪಾಸಿನ ನಿಕಲ್-ಟೈಟಾನಿಯಂ ತಂತಿ. ಎಷ್ಟು ಬಾಗಿಸಿದರೂ ತನ್ನ ಆಕಾರಕ್ಕೆ ಮರಳಲು ಮೆಲ್ಲಗೆ ಎಳೆಯುತ್ತಲೇ ಇರುತ್ತದೆ. ಹಲ್ಲು ಸಾಲಿಗೆ ಬಂದಮೇಲೆ ಆಯತಾಕಾರದ ತಂತಿ ಬರುತ್ತದೆ. 0.022 ಇಂಚಿನ ಸೀಳಿರುವ ಬ್ರ್ಯಾಕೆಟ್‌ನಲ್ಲಿ 0.019×0.025 ಇಂಚಿನ ಸ್ಟೀಲ್ ತಂತಿ ಸಂದಿ ಮುಚ್ಚುವ ಹಂತದ ರೂಢಿ. ದುಂಡು ತಂತಿ ಹಲ್ಲಿನ ತಲೆಯನ್ನು ವಾಲಿಸುತ್ತದೆ, ಬೇರನ್ನು ಹಿಡಿತದಲ್ಲಿಡುವುದು ಆಯತಾಕಾರದ ತಂತಿ. ‘ಹಲ್ಲು ನೇರವಾಯಿತಲ್ಲ, ತೆಗೆದುಬಿಡಿ’ ಎಂದು ಆರನೇ ತಿಂಗಳಿಗೇ ಅವಸರಪಡಬೇಡಿ, ಬೇರು ನೆಟ್ಟಗಾಗುವ ಕೆಲಸ ಆಗಷ್ಟೇ ಶುರುವಾಗಿರುತ್ತದೆ. 4ರಿಂದ 8 ವಾರಕ್ಕೊಂದು ಭೇಟಿ, ಒಟ್ಟು 18ರಿಂದ 24 ತಿಂಗಳು ಸಾಮಾನ್ಯ ಲೆಕ್ಕ.

ಸೆರಾಮಿಕ್ ಬ್ರ್ಯಾಕೆಟ್ ಹಲ್ಲಿನ ಬಣ್ಣದಲ್ಲಿರುತ್ತದೆ, ಆದರೆ ಸುಲಭವಾಗಿ ಚೂರಾಗುತ್ತದೆ, ಎದುರು ಹಲ್ಲಿಗೆ ತಾಗಿದರೆ ಅದನ್ನು ಸವೆಸುತ್ತದೆ. ಹಾಗಾಗಿ ಕೆಳಸಾಲಿಗೆ ಲೋಹವೇ ಲೇಸು. ಹಲ್ಲಿನ ಹಿಂಬದಿಗೆ ಅಂಟಿಸುವ ಲಿಂಗ್ವಲ್ ಬ್ರೇಸಸ್ ಯಾರಿಗೂ ಕಾಣದು, ಮೊದಲ ವಾರಗಳಲ್ಲಿ ನಾಲಿಗೆ ತರಚುತ್ತದೆ, ಮಾತು ತೊದಲುತ್ತದೆ. ತಂತಿಯನ್ನು ತನ್ನದೇ ಮುಚ್ಚಳದಿಂದ ಹಿಡಿದುಕೊಳ್ಳುವ ಸೆಲ್ಫ್-ಲೈಗೇಟಿಂಗ್ ಬ್ರ್ಯಾಕೆಟ್‌ನಿಂದ ಚಿಕಿತ್ಸೆ ತಿಂಗಳುಗಟ್ಟಲೆ ಬೇಗ ಮುಗಿಯುತ್ತದೆ ಎಂಬ ಮಾತನ್ನು ನಂಬಿ ಹೆಚ್ಚು ಹಣ ಕೊಡಬೇಡಿ.

ಮೇಲಿನ ಮತ್ತು ಕೆಳಗಿನ ಸಾಲಿನ ನಡುವೆ ಹಾಕುವ ರಬ್ಬರ್ ಬ್ಯಾಂಡ್ ರೋಗಿಯ ಕೈಯಲ್ಲಿರುವ ಕೆಲಸ. ಕಚ್ಚು ಕೂಡುವುದೂ ಕೂಡದಿರುವುದೂ ಬಹುಪಾಲು ಇದರ ಮೇಲೆ ನಿಂತಿದೆ. ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ದಿನವಿಡೀ ಹಾಕಿ, ದಿನಕ್ಕೊಮ್ಮೆಯಾದರೂ ಬದಲಿಸಿ. ಒಂದು ದಿನ ಬಿಟ್ಟೆನೆಂದು ಮರುದಿನ ಎರಡೆರಡು ಹಾಕಬೇಡಿ. ಎರಡೂ ಪಕ್ಕ ಹೇಳಿದ್ದರೆ ಒಂದೇ ಪಕ್ಕ ಹಾಕಬೇಡಿ, ನಡುಗೆರೆ ಓಡುತ್ತದೆ. ಹಲ್ಲನ್ನು ಎಳೆಯಲು ಬಾಯಲ್ಲಿ ಆಧಾರ ಸಾಲದ ಕಡೆ 1.5ರಿಂದ 2 ಮಿ.ಮೀ. ದಪ್ಪದ ಪುಟ್ಟ ತಿರುಪನ್ನು ಮೂಳೆಗೆ ಕೂರಿಸಿ ಅದರಿಂದ ಎಳೆಯುತ್ತಾರೆ. ಅದರ ಸುತ್ತ ಕೊಳೆ ನಿಂತರೆ ವಸಡು ಬಾತು ತಿರುಪು ಸಡಿಲವಾಗುತ್ತದೆ.

ಅಲೈನರ್

ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಗಳ ಸರಣಿ ಇದು. ಒಂದೊಂದೂ ಹಲ್ಲನ್ನು ಸುಮಾರು 0.25 ಮಿ.ಮೀ. ಸರಿಸುತ್ತದೆ, 1ರಿಂದ 2 ವಾರಕ್ಕೆ ಬದಲಿಸಬೇಕು. ದಿನಕ್ಕೆ 20ರಿಂದ 22 ಗಂಟೆ ಹಲ್ಲಿನ ಮೇಲಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಸೌಮ್ಯ ಮತ್ತು ಮಧ್ಯಮ ಇಕ್ಕಟ್ಟು, ಸಂದಿ, ಹಲ್ಲು ವಾಲಿಸುವ ಕೆಲಸಕ್ಕೆ ಇದು ಚೆನ್ನ. ದುಂಡಗಿನ ಕೋರೆಹಲ್ಲು, ಮುಂದವಡೆ ಹಲ್ಲುಗಳನ್ನು ತಿರುಗಿಸುವುದು, ಹಲ್ಲನ್ನು ಕೆಳಗೆ ಎಳೆಯುವುದು, ಕಿತ್ತ ಜಾಗವನ್ನು ಬೇರು ನೆಟ್ಟಗಿಟ್ಟುಕೊಂಡು ಮುಚ್ಚುವುದು ಇದಕ್ಕೆ ಕಷ್ಟ. ಹಿಡಿತಕ್ಕಾಗಿ ಹಲ್ಲಿಗೆ ಅಂಟಿಸುವ ಪುಟ್ಟ ಗುಬುಟುಗಳು ಒಂದು ಬಿದ್ದರೂ ತಿಳಿಸಿ.

ತೊಟ್ಟ ಅಲೈನರ್ ಮತ್ತು ಹಲ್ಲಿನ ಅಂಚಿನ ನಡುವೆ ಖಾಲಿ ಜಾಗ ಕಂಡರೆ ಹಲ್ಲು ಹಿಂದೆ ಬಿದ್ದಿದೆ ಎಂದರ್ಥ. ಮುಂದಿನದಕ್ಕೆ ಹೋಗದೆ ಅದನ್ನೇ ಇನ್ನಷ್ಟು ದಿನ ತೊಟ್ಟು, ಚ್ಯೂಯಿಯನ್ನು (ಕಚ್ಚಲೆಂದೇ ಮಾಡಿದ ಮೆತ್ತನೆಯ ಪುಟ್ಟ ತುಂಡು) ಆ ಹಲ್ಲಿನಲ್ಲಿ ಕಚ್ಚಿ ಕೂರಿಸಿ. ಕೂರದಿದ್ದರೆ ವೈದ್ಯರಿಗೆ ಫೋಟೊ ಕಳಿಸಿ. ತೊಟ್ಟುಕೊಂಡು ನೀರಲ್ಲದೆ ಬೇರೇನೂ ಕುಡಿಯಬೇಡಿ: ಬಿಸಿಗೆ ಅದು ಸೊಟ್ಟಗಾಗುತ್ತದೆ, ಸಿಹಿ ಒಳಗೆ ನಿಂತು ಹಲ್ಲು ಹುಳುಕುತ್ತದೆ. ಹಿಂದಿನ ಜೋಡಿಯನ್ನು ಎಸೆಯದೆ ಇಟ್ಟುಕೊಂಡಿರಿ, ಈಗಿನದು ಕಳೆದರೆ ಅದೇ ಆಪದ್ಬಂಧು.

ದಿನದಿನದ ಆರೈಕೆ, ಎದುರಾಗುವ ತೊಡಕು

ಬ್ರ್ಯಾಕೆಟ್ ಸುತ್ತ ಕೊಳೆ ನಿಂತರೆ ನಾಲ್ಕೇ ವಾರದಲ್ಲಿ ಸುಣ್ಣದಂಥ ಬಿಳಿ ಕಲೆ ಮೂಡಬಹುದು. ಅದು ಹುಳುಕಿನ ಮೊದಲ ಹೆಜ್ಜೆ, ಬ್ರೇಸಸ್ ತೆಗೆದ ದಿನ ಎದ್ದು ಕಾಣುವುದೂ ಅದೇ. ಬ್ರಷ್ಷನ್ನು ಬ್ರ್ಯಾಕೆಟ್‌ನ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ 45 ಡಿಗ್ರಿ ಓರೆಯಲ್ಲಿ ಆಡಿಸಿ. ತಂತಿಯ ಅಡಿಗೆ ಇಂಟರ್‌ಡೆಂಟಲ್ ಬ್ರಷ್ ಬಳಸಿ. ದೊಡ್ಡವರಿಗೆ ಮತ್ತು ಹದಿಹರೆಯದವರಿಗೆ 1350ರಿಂದ 1500 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್ ಸರಿ. ಜೊತೆಗೆ 0.05% ಸೋಡಿಯಂ ಫ್ಲೋರೈಡ್ ಮೌತ್‌ವಾಶ್ ಅನ್ನು ಹಲ್ಲುಜ್ಜಿದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ದಿನಕ್ಕೊಮ್ಮೆ ಮುಕ್ಕಳಿಸಿ. ಗಟ್ಟಿ ಪದಾರ್ಥ, ಮಂಜುಗಡ್ಡೆ, ಅಂಟುವ ಮಿಠಾಯಿ ದೂರವಿಡಿ. ಗಟ್ಟಿ ಹಣ್ಣನ್ನು ಕಚ್ಚದೆ ಹೋಳು ಮಾಡಿ ತಿನ್ನಿ.

ತಂತಿ ಬದಲಿಸಿದ ಮರುದಿನ ನೋವು ಹೆಚ್ಚು, ನಾಲ್ಕೈದು ದಿನದಲ್ಲಿ ಇಳಿಯುತ್ತದೆ. ಮೆತ್ತನೆಯ ಊಟ, ಬೇಕಿದ್ದರೆ ಪ್ಯಾರಾಸಿಟಮಾಲ್ ಸಾಕು. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಆ ಜಾಗವನ್ನು ಒರೆಸಿ ಒಣಗಿಸಿ ಆರ್ಥೊ ಮೇಣದ ಉಂಡೆ ಒತ್ತಿ. ಒದ್ದೆ ಇದ್ದರೆ ಮೇಣ ನಿಲ್ಲುವುದಿಲ್ಲ. ಕಳಚಿದ ಬ್ರ್ಯಾಕೆಟ್ ತಂತಿಯಲ್ಲೇ ಜಾರುತ್ತಿದ್ದರೆ ಅಲ್ಲೇ ಬಿಟ್ಟು ಒಂದೆರಡು ದಿನದಲ್ಲಿ ಹೋಗಿ. ಬ್ರ್ಯಾಕೆಟ್ ನುಂಗಿದರೆ ಸಾಮಾನ್ಯವಾಗಿ ತಾನೇ ಹೊರಹೋಗುತ್ತದೆ. ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ.

ರಿಟೈನರ್

ಬ್ರೇಸಸ್ ತೆಗೆದ ದಿನ ಹಲ್ಲಿನ ಸುತ್ತಲ ಮೂಳೆ ಇನ್ನೂ ಎಳಸು. ವಸಡಿನ ನಾರುಗಳು ತಿರುಚಿದ ಸ್ಥಿತಿಯಲ್ಲೇ ಇದ್ದು, ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಿರುತ್ತವೆ. ಅವು ಹೊಸ ಜಾಗಕ್ಕೆ ಒಗ್ಗಲು ಒಂದು ವರ್ಷದಷ್ಟು ಹಿಡಿಯುತ್ತದೆ. ಇದರ ಜೊತೆಗೆ, ಎಂದೂ ಚಿಕಿತ್ಸೆ ಪಡೆಯದವರಲ್ಲೂ ವಯಸ್ಸಾದಂತೆ ಕೆಳಗಿನ ಬಾಚಿಹಲ್ಲುಗಳು ಇಕ್ಕಟ್ಟಾಗುತ್ತವೆ. ಆದ್ದರಿಂದ ಮೊದಲ 3ರಿಂದ 6 ತಿಂಗಳು ಊಟದ ಹೊತ್ತು ಬಿಟ್ಟು ಇಡೀ ದಿನ, ಆಮೇಲೆ ಪ್ರತಿ ರಾತ್ರಿ, ಹಲ್ಲು ನೇರವಾಗಿರಬೇಕು ಎನ್ನುವಷ್ಟು ಕಾಲ ತೊಡಬೇಕು. ನಿಮ್ಮ ವೈದ್ಯರು ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನು ಪಾಲಿಸಿ.

ಕೋರೆಯಿಂದ ಕೋರೆಯವರೆಗೆ ಹಲ್ಲಿನ ಹಿಂದೆ ಅಂಟಿಸುವ ತಂತಿ ಮರೆವಿನವರಿಗೆ ಅನುಕೂಲ. ಆದರೆ ಒಂದು ಹಲ್ಲಿನ ಅಂಟು ಬಿಟ್ಟರೂ ನೋವಾಗುವುದಿಲ್ಲ, ತಿಳಿಯುವ ಹೊತ್ತಿಗೆ ಹಲ್ಲು ಜರುಗಿರುತ್ತದೆ. ವಾರಕ್ಕೊಮ್ಮೆ ಉಗುರಿನಿಂದ ಒಂದೊಂದು ಹಲ್ಲಿನ ಬಳಿಯೂ ತಂತಿಯನ್ನು ಮೀಟಿ ನೋಡಿ. ತೆಗೆದು ಹಾಕುವ ರಿಟೈನರನ್ನು ತಣ್ಣೀರು, ಸೌಮ್ಯ ಸಾಬೂನು, ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ, ಬಿಸಿನೀರು ತಾಗಿಸಬೇಡಿ. ಊಟಕ್ಕೆ ಕೂತಾಗ ಕಾಗದದಲ್ಲಿ ಸುತ್ತಿಟ್ಟದ್ದು ನೇರ ಕಸದ ಬುಟ್ಟಿಗೆ ಹೋಗುತ್ತದೆ, ಡಬ್ಬಿಯಲ್ಲೇ ಇಡಿ.

ಕೆಲವು ರಾತ್ರಿ ತಪ್ಪಿ ಮತ್ತೆ ಹಾಕಿದಾಗ ಬಿಗಿ ಎನಿಸಿದರೂ ಪೂರ್ತಿ ಕೂತರೆ, ಬಿಗಿತ ಹೋಗುವವರೆಗೆ ಹಗಲೂ ರಾತ್ರಿ ತೊಡಿ. ಕೂರದೆ ಎತ್ತಿಕೊಂಡು ನಿಂತರೆ ಬಲವಂತ ಮಾಡಬೇಡಿ, ಬಿರುಕು ಬಿಡುತ್ತದೆ, ಹಲ್ಲಿಗೂ ಪೆಟ್ಟು. ಆ ವಾರವೇ ಹೋಗಿ ತೋರಿಸಿ: ಜರುಗಿದ್ದು ಸ್ವಲ್ಪವಾದರೆ ಕೆಲವೇ ಅಲೈನರ್‌ಗಳಲ್ಲಿ ಹಿಂದಕ್ಕೆ ತರಬಹುದು, ಅಲ್ಲೇ ನಿಲ್ಲಿಸಿದರೆ ಸಾಕೆನಿಸಿದರೆ ಈಗಿನ ಸ್ಥಿತಿಗೆ ಹೊಸ ರಿಟೈನರ್ ಮಾಡಿಸಬಹುದು.